ತಪ್ಪಿದ್ದರೂ ಪರವಾಗಿಲ್ಲ, ಮೊದಲು ಬರೆದಿಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಹಳ್ಳಿಗಳ ಇತಿಹಾಸ, ಕೆರೆ, ವೀರಗಲ್ಲುಗಳ ಬಗ್ಗೆ ಆಗಾಗ ಬರಹಗಳು ಬರುತ್ತವೆ. ಬಂದಾಗಲೆಲ್ಲ ಯಾರಾದರೂ ಒಬ್ಬರು ನನಗೆ ಫೋನ್ ಮಾಡಿ, ನಮ್ಮೂರಿನದ್ದೂ ಹೀಗೆ ಬರೆದಿಡಬೇಕು ಅನ್ನುತ್ತಾರೆ. ಓದಿದವರು, ಕನ್ನಡ ಚೆನ್ನಾಗಿ ಬರೆಯಬಲ್ಲವರು, ಊರು ಅಂದರೆ ಜೀವ ಬಿಡುವವರು. ಆದರೂ ಬರೆಯುವುದಿಲ್ಲ. ಯಾಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಬರೆದರೆ ಸರಿಯಾಗಿ ಬರೀಬೇಕು ಸಾರ್, ಅರ್ಧಂಬರ್ಧ ಮಾಡಬಾರದು." ಕೇಳುವುದಕ್ಕೆ ಎಷ್ಟು ಒಳ್ಳೆಯ ಮಾತು ಅಲ್ವಾ? ಆದರೆ ಈ ಒಳ್ಳೆಯ ಮಾತಿನಿಂದಲೇ ನಮ್ಮ ಕಡೆ ಎಷ್ಟೋ ಕೆಲಸ ಶುರುವಾಗದೆ ಉಳಿದಿದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಓದಿ ಅಂತ ಕೇಳಿಕೊಳ್ಳುತ್ತೇನೆ.

ನಾನು ತಿಪಟೂರು ಕಡೆಯವನು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಮ್ಮ ಸುತ್ತಮುತ್ತಲಿನ ಒಂದು ಹಳೆಯ ಶಾಲೆಗೆ ನೂರು ವರ್ಷ ತುಂಬುತ್ತದೆ ಅಂತ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸ್ಮರಣ ಸಂಚಿಕೆ ತರಲು ಹೊರಟರು. ಸಮಿತಿ ಆಯಿತು, ವಾಟ್ಸಾಪ್ ಗ್ರೂಪ್ ಆಯಿತು. ಮುಖಪುಟ ಹೇಗಿರಬೇಕು, ಹಾಳೆ ಯಾವ ತರದ್ದು, ಮುನ್ನುಡಿ ಯಾರ ಹತ್ತಿರ ಬರೆಸುವುದು, ಬಿಡುಗಡೆಗೆ ಯಾರನ್ನು ಕರೆಯುವುದು, ಎಲ್ಲ ಚರ್ಚೆ ಆಯಿತು. ಮಾತಾಡಿಸಬೇಕಾದ ಹಿರಿಯರ ಪಟ್ಟಿಯೂ ತಯಾರಾಯಿತು. ಆದರೆ ಮಾತಾಡಿಸುವುದು ಅಂದರೆ ಸುಮ್ನೆ ಆಗುತ್ತದಾ, ಒಳ್ಳೆ ಮೈಕ್ ತರಿಸಬೇಕು, ಪ್ರಶ್ನೆಗಳನ್ನು ಬರೆದುಕೊಳ್ಳಬೇಕು, ವಿಡಿಯೋ ತೆಗೆಯುವವನು ಬರಬೇಕು. ಆಷಾಢ ಕಳೆಯಲಿ, ದಸರಾ ರಜೆ ಬರಲಿ, ಕೊಬ್ಬರಿ ಸುಲಿಯುವ ಕೆಲಸ ಮುಗಿಯಲಿ ಅಂತ ದಿನ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಶಾಲೆಗೆ ನೂರು ವರ್ಷ ತುಂಬಿ ಕಾರ್ಯಕ್ರಮವೂ ಮುಗಿದುಹೋಯಿತು. ಶಾಮಿಯಾನ, ಊಟ, ಸನ್ಮಾನ ಎಲ್ಲ ಚೆನ್ನಾಗೇ ಆಯಿತು. ಸಂಚಿಕೆ ಮಾತ್ರ ಬರಲಿಲ್ಲ. ಪಟ್ಟಿಯಲ್ಲಿದ್ದ ಹಿರಿಯರಲ್ಲಿ ಎಷ್ಟೋ ಜನ ಈಗ ಇಲ್ಲ. ಅವರ ಜೊತೆ ಏನೇನು ಹೋಯಿತು ಅಂತ ಹೇಳುವುದಕ್ಕೂ ಯಾರೂ ಉಳಿದಿಲ್ಲ.

ಆ ಸಮಿತಿಯವರನ್ನು ಸೋಮಾರಿಗಳು ಅನ್ನಲು ನನಗೆ ಮನಸ್ಸಿಲ್ಲ, ಅದು ನಿಜವೂ ಅಲ್ಲ. ಸೋಮಾರಿಗೆ ಕೆಲಸದ ಯೋಚನೆಯೇ ಇರುವುದಿಲ್ಲ, ಆರಾಮಾಗಿ ನಿದ್ದೆ ಮಾಡುತ್ತಾನೆ. ಇವರು ಹಾಗಲ್ಲ. ಹಗಲೂ ರಾತ್ರಿ ಅದನ್ನೇ ತಲೆಯಲ್ಲಿ ಇಟ್ಟುಕೊಂಡು ಕೊರಗುತ್ತಾರೆ. ಮನಸ್ಸಿನಲ್ಲಿ ಒಂದು ಸುಂದರವಾದ ಪುಸ್ತಕ ಇರುತ್ತದೆ, ಕೈಯಲ್ಲಿ ಬರೆದ ಮೊದಲ ಪುಟ ಅದರ ಹತ್ತಿರಕ್ಕೂ ಬರುವುದಿಲ್ಲ. ಆ ಅಂತರ ನೋಡುವುದಕ್ಕೆ ಹಿಂಸೆ ಆಗುತ್ತದೆ. ಹಾಗಾಗಿ ಪೆನ್ನು ಕೆಳಗಿಟ್ಟು ಇನ್ನೂ ಸ್ವಲ್ಪ ಮಾಹಿತಿ ಸಿಗಲಿ ಅನ್ನುತ್ತಾರೆ. ಮಾಹಿತಿ ಹುಡುಕುವುದು ಕೆಲಸ ಮಾಡಿದ ಹಾಗೇ ಕಾಣುತ್ತದೆ, ಯಾರೂ ತಪ್ಪು ಹುಡುಕುವ ಹಾಗಿಲ್ಲ, ತಮಗೂ ಸಮಾಧಾನ. ಮೇಲೆ ಊರವರ ಭಯ ಬೇರೆ. ಒಂದು ಹೆಸರು ತಪ್ಪಿದರೆ, ಒಬ್ಬರ ಮನೆತನ ಬಿಟ್ಟುಹೋದರೆ, 'ಇವನಿಗೇನು ಗೊತ್ತು' ಅಂತಾರಲ್ಲ ಅನ್ನುವ ಭಯ. ಬೈದರೆ ಇದು ಹೋಗುವುದಿಲ್ಲ. ಇಂಥವರಿಗೆ ಬೈದಷ್ಟೂ ಭಯ ಜಾಸ್ತಿಯಾಗುತ್ತದೆ.

ಇದರ ಬೇರು ಎಲ್ಲಿದೆ ಅಂತ ತರಗತಿಯಲ್ಲಿ ನಿಂತವರಿಗೆ ಗೊತ್ತು. ಒಂದು ಅಕ್ಷರ ತಪ್ಪಾದರೆ ಇಡೀ ಹಾಳೆ ಹರಿದು ಮತ್ತೆ ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಮುತ್ತಿನಂಥ ಅಕ್ಷರ, ಅಂಚಿಗೆ ಕೆಂಪು ಗೆರೆ. ಆದರೆ ವರ್ಷದ ಕೊನೆಗೆ ನೋಡಿದರೆ ಅವರ ನೋಟ್‌ಬುಕ್ ತೆಳ್ಳಗಾಗಿ, ಪಿನ್ ಸಡಿಲವಾಗಿ, ಅರ್ಧ ಪಾಠ ಬಿಟ್ಟುಹೋಗಿರುತ್ತದೆ. ಪಕ್ಕದಲ್ಲಿ ಕೂತವನು ಕಾಟು ಹೊಡೆದು, ಮೇಲೆ ಬರೆದು, ಶಾಯಿ ಚೆಲ್ಲಿಕೊಂಡೇ ಪೂರ್ತಿ ಮಾಡಿರುತ್ತಾನೆ. ನಮ್ಮ ಶಾಲೆಗಳಲ್ಲಿ ಅಚ್ಚುಕಟ್ಟಿಗೆ ಅಂಕ ಇದೆ, ತಿದ್ದಿಕೊಂಡದ್ದಕ್ಕೆ ಇಲ್ಲ. ಹೀಗೆ ಬೆಳೆದವರು ದೊಡ್ಡವರಾದ ಮೇಲೆ ಊರಿನ ಇತಿಹಾಸ ಬರೆಯಿರಿ ಅಂದರೆ ಮೀನ ಮೇಷ ಎಣಿಸದೆ ಇನ್ನೇನು ಮಾಡುತ್ತಾರೆ? ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತ ಗಾದೆ ಇದೆಯಲ್ಲ, ಅದೇ ಕಥೆ. ಬರೆಯಲು ಬಂದ ಮೇಲೆ ಬರೆಯುತ್ತೇನೆ ಅಂತ ಕೂತರೆ ಬರೆಯುವುದು ಬರುವುದು ಯಾವಾಗ?

ಇಂಥವರಿಗೆ ನಾನು ಹೇಳುವುದು ಬಿ.ಎಲ್. ರೈಸ್ ಅವರ ವಿಷಯ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಇದ್ದವರು. ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನ ಸಂಪುಟಗಳ ಹೆಸರು ಎಲ್ಲರೂ ಕೇಳಿರುತ್ತಾರೆ. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ 1905ರ ಹೊತ್ತಿಗೆ 12 ಸಂಪುಟ, ಸುಮಾರು 9,000 ಶಾಸನ. ನಮ್ಮ ತುಮಕೂರು ಜಿಲ್ಲೆಯದು 12ನೆಯದು. ಈಗ ಇವೆಲ್ಲ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ತಾಲ್ಲೂಕಿನ ಭಾಗ ತೆಗೆದು ನೋಡಿ, ಪಕ್ಕದ ಹಳ್ಳಿಯ ಹೆಸರು ಕಂಡರೆ ಮೈ ಜುಮ್ ಅನ್ನುತ್ತದೆ.

ಸಂಖ್ಯೆ ದೊಡ್ಡದು ನಿಜ, ಆದರೆ ನಾನು ಹೇಳಬೇಕಾದ ವಿಷಯ ಬೇರೆ. ಶ್ರವಣಬೆಳಗೊಳದ ಸಂಪುಟ ತೆಗೆದುಕೊಳ್ಳಿ. ರೈಸ್ ಅದನ್ನು 1889ರಲ್ಲಿ ತಂದಾಗ ಅದರಲ್ಲಿ ಇದ್ದದ್ದು 144 ಶಾಸನ. ಅವರ ನಂತರ ಬಂದ ಆರ್. ನರಸಿಂಹಾಚಾರ್ ಅವರು 1923ರಲ್ಲಿ ಪರಿಷ್ಕರಿಸಿ ತಂದರು, 500 ಆಯಿತು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯವರು 1973ರಲ್ಲಿ ಮತ್ತೆ ತಂದರು, 573 ಆಯಿತು. ಅಂದರೆ ರೈಸ್ ಅಚ್ಚು ಹಾಕಿಸಿದ್ದು ಈಗ ನಮಗೆ ಗೊತ್ತಿರುವುದರಲ್ಲಿ ಕಾಲು ಭಾಗ ಅಷ್ಟೇ. ಅದೂ ಒಂದೇ ಊರಿನ ಎರಡು ಬೆಟ್ಟ ಮತ್ತು ಸುತ್ತಮುತ್ತಲಿನದು. ಎಲ್ಲ ಕಲ್ಲೂ ಸಿಗಲಿ, ಎಲ್ಲ ಅಕ್ಷರವೂ ಸರಿಯಾಗಿ ಓದಲು ಬರಲಿ, ಆಮೇಲೆ ಪುಸ್ತಕ ಮಾಡೋಣ ಅಂತ ಅವರು ಕೂತಿದ್ದರೆ? ನರಸಿಂಹಾಚಾರ್ ಅವರು 144ರ ಮೇಲೆ ಕಟ್ಟಿದರು, 1973ರವರು 500ರ ಮೇಲೆ ಕಟ್ಟಿದರು. ಮೊದಲನೆಯದು ಇರದೇ ಹೋಗಿದ್ದರೆ ಪ್ರತಿಯೊಬ್ಬರೂ ಮತ್ತೆ ಸೊನ್ನೆಯಿಂದಲೇ ಶುರು ಮಾಡಬೇಕಿತ್ತು.

ಇನ್ನೊಂದು ವಿಷಯ ಕೇಳಿ. ರೈಸ್ ಅವರ ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಅದರಲ್ಲಿ ಹಲ್ಮಿಡಿ ಶಾಸನ ಇಲ್ಲ! ನಮ್ಮ ಪಠ್ಯಪುಸ್ತಕದಲ್ಲಿ ಮೊದಲ ಕನ್ನಡ ಶಾಸನ ಅಂತ ಮಕ್ಕಳಿಗೆ ಹೇಳಿಕೊಡುತ್ತಾ ಬಂದದ್ದು, ಸುಮಾರು ಕ್ರಿ.ಶ. 450ರದು. ಬೇಲೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಅದು ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದದ್ದು 1936ರಲ್ಲಿ. ಇಷ್ಟು ದೊಡ್ಡದು ಬಿಟ್ಟುಹೋಗಿದೆ ಅಂತ ರೈಸ್ ಅವರ ಕೆಲಸವನ್ನು ಇವತ್ತು ಯಾರಾದರೂ ಕಡಿಮೆ ಮಾಡಿ ಮಾತಾಡುತ್ತಾರಾ? ಇಲ್ಲ. ನಮ್ಮ ಊರಿನ ಪುಸ್ತಕದಲ್ಲಿ ಒಂದು ಮನೆತನದ ಹೆಸರು ಬಿಟ್ಟುಹೋದರೆ ಆಕಾಶ ಕಳಚಿ ಬೀಳುತ್ತದೆ ಅಂದುಕೊಂಡವರು ಇದನ್ನು ಒಂದು ಸಲ ಯೋಚನೆ ಮಾಡಬೇಕು.

ಕಲ್ಲು ಎಲ್ಲಿಗೆ ಹೋಗುತ್ತದೆ, ನಿಧಾನಕ್ಕೆ ಬರೆದರಾಯಿತು ಅನ್ನುವವರಿಗೆ ಬೆಂಗಳೂರು ತೋರಿಸಿ. ಬೆಂಗಳೂರು ಜಿಲ್ಲೆಯ ಸಂಪುಟ 1905ರದು. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇವತ್ತು ಆ ಜಾಗದಲ್ಲಿ ಇಲ್ಲ. ಬಡಾವಣೆ ಬಂತು, ರಸ್ತೆ ಅಗಲವಾಯಿತು, ಪಾಯಕ್ಕೆ ಹಾಕಿದರು, ಮಣ್ಣಲ್ಲಿ ಮುಚ್ಚಿದರು. ಅಂಥ ಕಲ್ಲುಗಳ ಮಾತು ಉಳಿದಿರುವುದು ಆ ಪುಸ್ತಕದಲ್ಲಿ. ಅದೇ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯ ಅನ್ನುವವನ ವೀರಗಲ್ಲು ಸಿಕ್ಕಿತು, ಸುಮಾರು ಕ್ರಿ.ಶ. 750ರದು. ಯಾರೋ ನೋಡಿ ಇದು ಬರೀ ಕಲ್ಲಲ್ಲ ಅಂತ ಗುರುತಿಸಿದ್ದರಿಂದ ಉಳಿಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಸ್ಥೆಯವರು ಈಗ ಇಂಥ ಶಾಸನಗಳನ್ನು ಊರೂರು ಹುಡುಕಿ ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಆ ಯಂತ್ರ ನಮ್ಮ ನಿಮ್ಮ ಹತ್ತಿರ ಇಲ್ಲ. ಇರಬೇಕಾಗಿಯೂ ಇಲ್ಲ. ಇಂಥ ಕಡೆ ಇಂಥ ಕಲ್ಲಿದೆ ಅಂತ ಒಂದು ಫೋಟೊ ಇದ್ದರೆ ಯಂತ್ರ ಇರುವವರು ಬಂದು ಮುಂದಿನ ಕೆಲಸ ಮಾಡುತ್ತಾರೆ.

ರೈಸ್ ಅವರಿಗೆ ಸರ್ಕಾರದ ಬಲ ಇತ್ತು, ಜನ ಇದ್ದರು ಅಂತ ಕೆಲವರು ಹೇಳುತ್ತಾರೆ. ಸರಿ, ಹಲಸಂಗಿಗೆ ಬನ್ನಿ. ವಿಜಯಪುರ ಜಿಲ್ಲೆಯ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಅನ್ನುವ ಗೆಳೆಯರು ಇದ್ದರು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಗರತಿಯ ಹಾಡು ಅಂತ ಪುಸ್ತಕ ಬಂತು. ಟೇಪ್ ರೆಕಾರ್ಡರ್ ಇಲ್ಲ, ಜಾನಪದ ವಿಭಾಗ ಅನ್ನುವುದು ನಮ್ಮ ಕಡೆಯ ಯಾವ ವಿಶ್ವವಿದ್ಯಾಲಯದಲ್ಲೂ ಹುಟ್ಟಿರಲಿಲ್ಲ. ಕಿವಿ ಇತ್ತು, ಪೆನ್ನು ಇತ್ತು. ಈಗ ಬೀಸುವ ಕಲ್ಲೂ ಮೂಲೆ ಸೇರಿದೆ, ಬೀಸುವಾಗ ಹಾಡುತ್ತಿದ್ದವರೂ ಹೋದರು. ಹಾಡು ಉಳಿದಿದೆ.

ನಮ್ಮ ಪಕ್ಕದ ಹಳ್ಳಿಯಲ್ಲಿ ಒಬ್ಬರು ವಯಸ್ಸಾದ ನೀರುಗಂಟಿ, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುತ್ತಿದ್ದವರು, ಇದ್ದಾರೆ. ಅವರ ಹತ್ತಿರ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಹೋಗಿ ಕೂತಳು. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗಿ. ಊರಿನ ಕೆರೆ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಳೆದೂ ಸುರಿದೂ ನೋಡುತ್ತಿದ್ದವಳು. ಪ್ರಶ್ನೆ ಗಿಶ್ನೆ ಏನೂ ಬೇಡಮ್ಮಾ, ತಾತಾ ತೂಬು ಹೇಗೆ ಎತ್ತುತ್ತಿದ್ದಿರಿ ಅಂತ ಒಂದೇ ಒಂದು ಕೇಳು, ಫೋನು ಆನ್ ಮಾಡಿ ಜಗಲಿ ಮೇಲೆ ಇಡು ಅಂದೆ. ಅಷ್ಟೇ ಮಾಡಿದಳು.

ಆ ರೆಕಾರ್ಡಿಂಗ್ ನಾನು ಕೇಳಿದ್ದೇನೆ. ಕೋಳಿ ಕೂಗುತ್ತದೆ, ಪಕ್ಕದ ಮನೆಯ ಮಿಕ್ಸಿ ಸದ್ದು, ನಡುವೆ ಯಾರೋ ಬಂದು ಕಾಫಿ ಕುಡೀತೀರಾ ಅಂತ ಕೇಳುತ್ತಾರೆ. ಆದರೆ ತಾತನ ಮಾತು ಇದೆ. ತೂಬಿನ ಎರಡು ಕಲ್ಲುಕಂಬದ ನಡುವೆ ಮರದ ಕಂಬಿ ಇಳಿಬಿಟ್ಟಿರುವುದು, ಅದರ ತುದಿಯ ಬಿರಡೆ ನೀರಿನಡಿಯ ಕಲ್ಲಿನ ತೂತಿಗೆ ಕೂರುವುದು, ಬಿರಡೆ ಕಚ್ಚಿಕೊಂಡರೆ ಉಸಿರು ಬಿಗಿಹಿಡಿದು ಮುಳುಗಿ ಕಾಲಿನಿಂದ ಸಡಿಲ ಮಾಡುವುದು. ಬೇಸಿಗೆ ಬೆಳೆಗೆ ನೀರು ಕಮ್ಮಿ ಇದ್ದಾಗ ಯಾರ ಗದ್ದೆಗೆ ಮೊದಲು, ಕೊನೆ ಗದ್ದೆಯವರಿಗೆ ಅನ್ಯಾಯ ಆಗದ ಹಾಗೆ ಸರದಿ ಹೇಗೆ, ಜಗಳ ಬಂದರೆ ಯಾರು ಕೂತು ಹೇಳುತ್ತಿದ್ದರು, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಯಾರು ಮೊರ ತುಂಬಾ ಕೊಡುತ್ತಿದ್ದರು, ಯಾರು ಅಳೆದು ಅಳೆದು ಕೊಡುತ್ತಿದ್ದರು. ಈಗ ಆ ಕೆರೆಯ ಕೆಳಗೆ ಗದ್ದೆಯೇ ಇಲ್ಲ, ಎಲ್ಲ ತೆಂಗು, ಬೋರ್‌ವೆಲ್. ಈ ಮಾತು ಯಾವ ಕಂದಾಯ ದಾಖಲೆಯಲ್ಲೂ ಸಿಗುವುದಿಲ್ಲ. ಆ ಹುಡುಗಿ ಒಳ್ಳೆ ಮೈಕಿಗೆ ಕಾದಿದ್ದರೆ ನನಗೂ ಸಿಗುತ್ತಿರಲಿಲ್ಲ.

ಅವಳು ಅದನ್ನು ಕೇಳಿಸಿಕೊಂಡು ಎರಡು ಪುಟ ಬರೆದಳು. ಮೊದಲ ಸಲ ಚೆನ್ನಾಗಿ ಬರಲಿಲ್ಲ, ನನಗೆ ತೋರಿಸುವುದಕ್ಕೇ ಹಿಂದೆಮುಂದೆ ನೋಡಿದಳು. ತಾತನಿಗೆ ಓದಿ ಹೇಳು ಅಂದೆ. ಓದಿ ಹೇಳಿದಾಗ ತಾತ ನಡುನಡುವೆ ನಿಲ್ಲಿಸಿ, ಹಂಗಲ್ಲಮ್ಮಾ ಹಿಂಗೆ ಅಂತ ತಿದ್ದಿದರು. ತಿದ್ದುತ್ತಾ ತಿದ್ದುತ್ತಾ ಮೊದಲ ದಿನ ಹೇಳದೇ ಇದ್ದದ್ದನ್ನೆಲ್ಲ ಹೇಳಿದರು. ಸಂಪಾದಕರೇ, ನಾನು ತುಂಬಾ ಸಲ ನೋಡಿದ್ದೇನೆ, ಏನು ಗೊತ್ತು ಹೇಳಿ ಅಂತ ಕೇಳಿದರೆ ಹಿರಿಯರಿಗೆ ಏನೂ ನೆನಪಾಗುವುದಿಲ್ಲ. ತಪ್ಪಾಗಿ ಬರೆದದ್ದನ್ನು ಮುಂದೆ ಹಿಡಿದರೆ ಎಲ್ಲ ನೆನಪಾಗುತ್ತದೆ. ಬರೆದ ಪುಟ ಒಂದಿದ್ದರೆ ತಿದ್ದುವವರು ತಾವಾಗೇ ಬರುತ್ತಾರೆ, ಖಾಲಿ ಹಾಳೆಯನ್ನು ತಿದ್ದಲು ಯಾರಿಂದಲೂ ಆಗುವುದಿಲ್ಲ.

ಹಾಗಂತ ಹೇಗೆ ಬೇಕಾದರೂ ಮಾಡಿ ಅಂತ ನಾನು ಹೇಳುತ್ತಿಲ್ಲ. ಸೇತುವೆ ಕಟ್ಟುವವರಿಗೆ, ಔಷಧಿ ಕೊಡುವವರಿಗೆ ಈ ಪತ್ರ ಅಲ್ಲ, ಅಲ್ಲಿ ಮೊದಲ ಸಲವೇ ಸರಿ ಇರಬೇಕು. ನಮ್ಮ ಕೆಲಸದಲ್ಲೂ ಕೆಲವು ಕಡೆ ಎಚ್ಚರ ಬೇಕೇ ಬೇಕು. ಶಾಸನದ ಕಲ್ಲಿನ ಮೇಲೆ ಅಕ್ಷರ ಕಾಣುತ್ತಿಲ್ಲ ಅಂತ ಮೊಳೆಯಿಂದ ಕೆರೆಯಬೇಡಿ, ಆಸಿಡ್ ಹಾಕಬೇಡಿ, ಆಯಿಲ್ ಪೇಂಟ್ ಬಳಿಯಬೇಡಿ, ಒಂದು ಸಲ ಹಾಳಾದ ಕಲ್ಲನ್ನು ತಿದ್ದುವುದಕ್ಕೆ ಆಗುವುದಿಲ್ಲ. ತಿಳಿದವರು ಪಡಿಯಚ್ಚು ತೆಗೆಯುವಾಗ ನೋಡಿದರೆ ಗೊತ್ತಾಗುತ್ತದೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಮೆಲ್ಲಗೆ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಕಾಗದ ಕೂರಿಸಿ, ಮೇಲೆ ಮಸಿ ಒತ್ತುತ್ತಾರೆ. ಆ ಕೆಲಸ ಅವರಿಗೇ ಬಿಡಿ. ನಮಗೆ ಫೋಟೊ ಸಾಕು. ನಡು ಮಧ್ಯಾಹ್ನ ತೆಗೆದರೆ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲು ಇದ್ದಾಗ ಹೋಗಿ, ಇಲ್ಲವೇ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟು ತೆಗೆಯಿರಿ, ಮಾಸಿದ ಅಕ್ಷರವೂ ಎದ್ದು ಕಾಣುತ್ತದೆ. ಪಕ್ಕದಲ್ಲಿ ಒಂದು ಪೆನ್ನು ಇಟ್ಟರೆ ಅಳತೆ ತಿಳಿಯುತ್ತದೆ. ಹತ್ತಿರದಿಂದ ಒಂದು, ದೂರದಿಂದ ಸುತ್ತಲಿನ ಜಾಗ ಕಾಣುವ ಹಾಗೆ ಒಂದು. ಪೂಜೆ ಮಾಡುವ ಕಲ್ಲಾದರೆ ಮೊದಲು ಪೂಜಾರರನ್ನು ಕೇಳಿ.

ಮಾತು ರೆಕಾರ್ಡ್ ಮಾಡುವಾಗ ಶುರುವಿನಲ್ಲೇ ದಿನಾಂಕ, ಊರು, ಮಾತಾಡುವವರ ಹೆಸರು ಜೋರಾಗಿ ಹೇಳಿಬಿಡಿ, ಆಮೇಲೆ ಫೈಲು ಯಾವುದು ಅಂತ ಹುಡುಕಾಡುವುದು ತಪ್ಪುತ್ತದೆ. ಒಪ್ಪಿಗೆ ಇದೆಯಾ ಅಂತಲೂ ಅದರಲ್ಲೇ ಕೇಳಿ. ಮನೆಗೆ ಬಂದ ತಕ್ಷಣ ಇನ್ನೊಬ್ಬರಿಗೆ ಕಳಿಸಿ, ಫೋನು ಕಳೆದರೂ ಮಾತು ಉಳಿಯಲಿ. ಬರೆಯುವಾಗ ಇಂಥವರು ಇಂಥ ದಿನ ಹೀಗೆ ಹೇಳಿದರು ಅಂತ ಬರೆಯಿರಿ. ಹೀಗೆ ನಡೆಯಿತು ಅಂತ ನೀವೇ ಅಪ್ಪಣೆ ಕೊಡಿಸಬೇಡಿ. ಇಷ್ಟು ಮಾಡಿದರೆ ತಪ್ಪಿನ ಭಯ ಅರ್ಧ ಕಮ್ಮಿಯಾಗುತ್ತದೆ, ಯಾಕೆಂದರೆ ನೀವು ತೀರ್ಪು ಕೊಡುತ್ತಿಲ್ಲ, ಕೇಳಿದ್ದನ್ನು ಬರೆದಿಡುತ್ತಿದ್ದೀರಿ.

ಕೆಲಸವನ್ನು ಸಣ್ಣದು ಮಾಡಿಕೊಳ್ಳುವುದು ಮುಖ್ಯ. 'ಊರಿನ ಇತಿಹಾಸ' ಅಂದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ನಮ್ಮೂರಿನ ಹೊಲಗಳ ಹೆಸರು ಅಂದರೆ? ಒಂದು ಹಾಳೆ ಸಾಕು. ಯಾವ ಹೊಲಕ್ಕೆ ಏನು ಅನ್ನುತ್ತಾರೆ, ಯಾಕೆ ಅನ್ನುತ್ತಾರೆ. ನಿಮ್ಮ ಅಜ್ಜಿಗೆ ಗೊತ್ತಿರುವ ಸೋಬಾನೆ ಪದ ಒಂದು. ಊರಿಗೆ ಕರೆಂಟು ಬಂದ ದಿನ ಏನಾಯಿತು. ಮೊದಲ ಬಸ್ಸು ಎಲ್ಲಿ ನಿಲ್ಲುತ್ತಿತ್ತು. ಜಾತ್ರೆಯಲ್ಲಿ ಯಾರ ಮನೆಯಿಂದ ಏನು ಬರಬೇಕು. ಹತ್ತು ಸಾಲು ಬರೆದರೂ ಅದು ಇವತ್ತು ಇಲ್ಲದ್ದು, ನಾಳೆ ಇರುವಂಥದ್ದು. ಟೈಪ್ ಮಾಡಲು ಬಾರದವರು ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ, ಒತ್ತು ದೀರ್ಘ ತಪ್ಪಿದರೆ ತಿದ್ದಿದರಾಯಿತು. ಅವತ್ತೇ ಒಬ್ಬರಿಗೆ ಓದಲು ಕೊಡಿ. ಇಟ್ಟುಕೊಂಡರೆ ಮತ್ತೆ ತಿದ್ದಬೇಕು ಅನ್ನಿಸುತ್ತದೆ, ತಿದ್ದುತ್ತಾ ಕೂತರೆ ಮತ್ತೆ ಅದೇ ಹಳೆಯ ಹಾದಿ.

ಸಮಿತಿಗಳಿಗೂ ಒಂದು ಮಾತು. ಮೊದಲ ಸಭೆಯಲ್ಲಿ ಮುಖಪುಟದ ಮಾತು ಎತ್ತಬೇಡಿ. ಬಂದವರೆಲ್ಲ ಆ ಸಭೆಗೇ ಒಂದೊಂದು ಪುಟ ಬರೆದು ತರಲಿ, ಹೇಗಿದ್ದರೂ ಸರಿ. ತಂದವರು ಸಮಿತಿಯಲ್ಲಿ ಇರಲಿ. ನೂರು ಪುಟ ಆಗದಿದ್ದರೆ ಇಪ್ಪತ್ತು ಪುಟ ಜೆರಾಕ್ಸ್ ಮಾಡಿಸಿ ಹಂಚಿ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಕೂಡ ಒಂದೇ ಸಲ ಬರಲಿಲ್ಲ, ಮೊದಲ ಸಂಪುಟ 1970ರಲ್ಲಿ ಬಂತು, ಎಂಟನೆಯದು 1995ರಲ್ಲಿ. ಅಷ್ಟು ವರ್ಷ ಜನ ಮೊದಲ ಸಂಪುಟಗಳನ್ನು ಬಳಸುತ್ತಲೇ ಇದ್ದರು. ಕಿಟ್ಟೆಲ್ ಅವರು 1894ರಲ್ಲಿ ತಂದ ನಿಘಂಟನ್ನು ಮರಿಯಪ್ಪ ಭಟ್ಟರು ತಿದ್ದಿ ಬೆಳೆಸಿದ್ದು ಮುಕ್ಕಾಲು ಶತಮಾನದ ಮೇಲೆ. ಅಂಥ ದೊಡ್ಡವರ ಕೆಲಸಕ್ಕೇ ಹಿಂದಿನಿಂದ ತಿದ್ದುವವರು ಬಂದಿದ್ದಾರೆ ಅಂದಮೇಲೆ ನಮಗೆ ನಿಮಗೆ ಯಾವ ನಾಚಿಕೆ?

ಕೊನೆಗೆ ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ವಾರಕ್ಕೆ ಒಂದು ದಿನ, ಅರ್ಧ ಕಾಲಂ ಸಾಕು, ಓದುಗರ ಊರಿನ ವಿವರಕ್ಕೆ ಜಾಗ ಕೊಡಿ. ಲೇಖನದ ತರ ಇರಬೇಕಾಗಿಲ್ಲ. ಹೆಸರಾಂತ ಲೇಖಕರೇ ಬರೆಯಬೇಕು ಅಂತ ಇಲ್ಲ. ಭಾಷೆ ಆ ಕಡೆಯದ್ದೇ ಇರಲಿ, ಹಾಸನದವರು ಹಾಸನದ ಹಾಗೆ, ಕಲಬುರಗಿಯವರು ಕಲಬುರಗಿಯ ಹಾಗೆ ಬರೆಯಲಿ. ಮುಂದಿನ ವಾರ ಅದರ ಕೆಳಗೇ ತಿದ್ದುಪಡಿಗಳನ್ನೂ ಹಾಕಿ, ಇಂಥ ಊರಿನ ಇಂಥವರು ಹೀಗೆ ಹೇಳಿದ್ದಾರೆ ಅಂತ. ಪತ್ರಿಕೆಯಲ್ಲೇ ತಪ್ಪನ್ನು ಮರ್ಯಾದೆಯಿಂದ ತಿದ್ದುವುದು ಕಂಡರೆ ಬರೆಯಲು ಹಿಂಜರಿಯುವವರಿಗೆ ಎಷ್ಟು ಧೈರ್ಯ ಬರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದು ವರ್ಷ ಹೀಗೆ ನಡೆದರೆ ಐವತ್ತು ಊರಿನ ವಿಷಯ ಸೇರುತ್ತದೆ.

ನೀರುಗಂಟಿ ತಾತನ ಮಾತಿನ ಆ ಎರಡು ಪುಟವನ್ನು, ತಾತನ ಮತ್ತು ಆ ಹುಡುಗಿಯ ಒಪ್ಪಿಗೆ ಕೇಳಿಕೊಂಡು, ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ತಾತ ಹೇಳಿದ ನೀರಿನ ಸರದಿಯಲ್ಲಿ ಒಂದು ಕಡೆ ನನಗೆ ಇನ್ನೂ ಅನುಮಾನ ಇದೆ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ. ಅನುಮಾನ ಇದ್ದ ಹಾಗೇ ಅಚ್ಚು ಮಾಡಿ. ನಮ್ಮ ಕಡೆಯ ಕೆರೆಗಳಲ್ಲಿ ಸರದಿ ಹೇಗಿತ್ತು ಅಂತ ಗೊತ್ತಿರುವ ಓದುಗರು ದಯವಿಟ್ಟು ಬರೆಯಲಿ.

ಇಂತಿ,
ನಿಮ್ಮ ಓದುಗ, ನಿವೃತ್ತ ಶಿಕ್ಷಕ
ತಿಪಟೂರು ತಾಲ್ಲೂಕು